ಎಡಕ್ಕೆ ತಿರುಗುವ ಬೆಸುಗೆ

"ವೇಣು ಸರ್ ಎಷ್ಟೊತ್ತಿಗೆ ಬರ್ತಾರೆ?" ಎಂದು ಮೋಹನ್‌ಬಾಬು ಬೆಳಗಿನಿಂದ ಕೇಳಿದ್ದು ಇದು ಮೂರನೆಯ ಸಲ. ಹನ್ನೆರಡರ ಬಸ್ಸಿಗೆ ಎಂದು ಕೋನಪ್ಪ ಮೂರು ಸಲವೂ ಹೇಳಿದ್ದ. ಈ ಸಲ ಹೇಳುವಾಗ ತಂತಿ ಬ್ರಷ್ಷನ್ನು ಫ್ರೇಮಿನ ಪೈಪಿನ ಮೇಲೆ ಬೇಕಂತಲೇ ಜೋರಾಗಿ ಉಜ್ಜಿದ, ಉತ್ತರ ಆ ಸದ್ದಿನಲ್ಲಿ ಅರ್ಧ ಮುಳುಗಲಿ ಎಂದು. ಸರ್ ಅಂತೆ. ತಮ್ಮನ ಮೂಗಿನ ಸಿಂಬಳ ಒರೆಸಿ ಶಾಲೆಗೆ ಕಳಿಸಿದವನಿಗೆ ಆ ಸರ್ ಹೇಗೆ ಕಿವಿಗೆ ಇಳಿದೀತು. ಶೆಡ್ಡಿನಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೋಹನ್‌ಬಾಬು ಕೂತಿದ್ದ. ನಿನ್ನೆ ಇದೇ ಕುರ್ಚಿಯನ್ನು ತನ್ನ ಕರ್ಚೀಫಿನಿಂದ ಒರೆಸಿ ವೇಣುವಿಗೆ ಕೊಟ್ಟು, ತಾನು ಬಾಗಿಲಿಗೆ ಒರಗಿ ನಿಂತಿದ್ದ. ಮಂಡಿಕಲ್ಲಿನ ಹತ್ತಿರದ ಹಳ್ಳಿಯಲ್ಲಿ ಮೋಹನ್‌ಬಾಬುವಿನ ತಾತ ಮುನಿವೆಂಕಟಪ್ಪನ ಅಂಗಳದಲ್ಲಿ ಕೋನಪ್ಪನ ಅಪ್ಪ ಬದುಕಿನುದ್ದಕ್ಕೂ ನಿಂತೇ ಇದ್ದ, ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಇಳಿಸಿಕೊಂಡು. ಆ ಮನೆಯ ಮೊಮ್ಮಗ ಎದ್ದುನಿಂತು ತನ್ನ ತಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟಿದ್ದನ್ನು ನೋಡಿ ಕೋನಪ್ಪನಿಗೆ ಎದೆಯುಬ್ಬಬೇಕಿತ್ತು. ಉಬ್ಬಲಿಲ್ಲ. ಶೆಡ್ಡು ತನ್ನದು, ಕುರ್ಚಿ ತನ್ನದು, ಗೌರಿಬಿದನೂರಿನ ರೈಲ್ವೆ ಗೇಟಿನ ಪಕ್ಕ ಇಪ್ಪತ್ತು ವರ್ಷದಿಂದ ಹೊಗೆ ಕುಡಿದವನು ತಾನು. ಕೂತದ್ದು ಮಾತ್ರ ಬೋರಲು ಹಾಕಿದ ಗ್ರೀಸ್ ಡಬ್ಬದ ಮೇಲೆ. ಅದರ ಅಂಚು ಈಗಲೂ ತೊಡೆಗೆ ಒತ್ತುತ್ತಿತ್ತು.

ಎದುರಿಗಿದ್ದದ್ದು ಬೈಕೂ ಅಲ್ಲದ ಕಾರೂ ಅಲ್ಲದ ಒಂದು ಗಾಡಿಯ ಎಲುಬುಗೂಡು. ಕ್ವಾಡ್ ಎನ್ನುತ್ತಾನೆ ಮೋಹನ್‌ಬಾಬು. ಬೈಕಿನ ಹ್ಯಾಂಡಲ್ಲು, ದಪ್ಪದಪ್ಪ ನಾಲ್ಕು ಚಕ್ರ, ಕುದುರೆಯ ಮೇಲೆ ಕೂತ ಹಾಗೆ ಕಾಲು ಅಗಲಿಸಿ ಕೂರಬೇಕು. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ತಂದು, ಊರಿನ ಒಣಗಿದ ಕೆರೆಯಲ್ಲಿ ಧೂಳೆಬ್ಬಿಸುತ್ತಿದ್ದವನು, ಎರಡು ತಿಂಗಳ ಹಿಂದೆ ಕೆರೆ ಏರಿಯ ಮೇಲಿಂದ ಹಾರಿಸಲು ಹೋಗಿ ಮೂತಿ ಮುಂದಾಗಿ ಬಿದ್ದ. ಕತ್ತಿನ ಪಕ್ಕದ ಮೂಳೆ ಮುರಿಯಿತು. ಫ್ರೇಮಿನ ಮೂತಿ ಸೊಟ್ಟಗಾಗಿ, ಮುಂದಿನ ಚಕ್ರಗಳ ತೋಳುಗಳನ್ನು ಹಿಡಿದುಕೊಳ್ಳುವ ಕಿವಿಗಳ ಬುಡದಲ್ಲಿ ಪೈಪು ಎಡಬಲ ಎರಡೂ ಕಡೆ ಸೀಳಿತು. ಎರಡು ಬೆರಳು ಆಚೆ ಬಿದ್ದಿದ್ದರೆ ಕತ್ತೇ ಹೋಗುತ್ತಿತ್ತು ಅಂದರಂತೆ ಡಾಕ್ಟರು. ಭುಜದ ಪಟ್ಟಿಯನ್ನು ಹೋದ ವಾರವಷ್ಟೇ ಬಿಚ್ಚಿದ್ದಾರೆ. ಈ ಭಾನುವಾರ ಅದೇ ಏರಿಯಿಂದ ಮತ್ತೆ ಹಾರಿಸುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟು ಬಂದಿದ್ದಾನೆ. ಈ ವಯಸ್ಸಿನವರಿಗೆ ಕತ್ತು ಎರಡಿರುತ್ತದೆಂದು ಕಾಣುತ್ತದೆ. ಇವತ್ತು ಶುಕ್ರವಾರ.

ಕೆಲಸ ಬಂದದ್ದು ಕೂಡ ವೇಣುವಿನಿಂದಲೇ. ತೆಳು ಪೈಪಿನ ಬೆಸುಗೆ ಚೆನ್ನಾಗಿ ಬಲ್ಲವರು ಯಾರೆಂದು ಮೋಹನ್‌ಬಾಬು ಹುಡುಕಿಕೊಂಡು ಹೋದದ್ದು ಚಿಕ್ಕಬಳ್ಳಾಪುರಕ್ಕೆ, ವೇಣು ಐಟಿಐನಲ್ಲಿ ಪಾಠ ಹೇಳುವಲ್ಲಿಗೆ. ನಮ್ಮಣ್ಣನ ಶೆಡ್ಡಿಗೆ ತನ್ನಿ, ಇಬ್ಬರೂ ಸೇರಿ ಮಾಡ್ತೀವಿ, ಅಂದನಂತೆ ವೇಣು. ಅಣ್ಣನ ಮೇಲಿನ ಪ್ರೀತಿ ಎಂದು ಕೋನಪ್ಪನ ಹೆಂಡತಿ ಗಂಗುಲಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಕೋನಪ್ಪನಿಗೆ ಅದು ತಟ್ಟೆಯಲ್ಲಿ ಉಳಿದದ್ದನ್ನು ಪಕ್ಕಕ್ಕೆ ಸರಿಸಿದ ಹಾಗೆ ಕಂಡಿತು. ಟ್ರಾಕ್ಟರ್ ಟ್ರೈಲರು, ರೇಷ್ಮೆ ರಾಟೆಯ ಸ್ಟ್ಯಾಂಡು, ಕಿಟಕಿಯ ಗ್ರಿಲ್ಲು, ಈ ಸುತ್ತಿನಲ್ಲಿ ತಾನು ಕೈಯಿಡದ ಕಬ್ಬಿಣವೇ ಇಲ್ಲ. ಆದರೂ ಹುಡುಕಿಕೊಂಡು ಬರುವವರು ಚಿಕ್ಕಬಳ್ಳಾಪುರದ ದಾರಿ ಹಿಡಿಯುತ್ತಾರೆ. ವೇಣು ಬರುತ್ತಾನೆಂದರೆ ಗಂಗುಲಮ್ಮ ಹಿಂದಿನ ದಿನವೇ ಹುರುಳಿಕಾಳು ನೆನೆಹಾಕುತ್ತಾಳೆ. ಅವಳು ಹಟ್ಟಿಗೆ ಸೊಸೆಯಾಗಿ ಬಂದಾಗ ವೇಣುವಿಗೆ ಎಂಟು ವರ್ಷ. ಮಕ್ಕಳಾಗದ ಅವಳು ಅವನನ್ನೇ ಸಾಕಿಕೊಂಡಳು. ಮುದ್ದೆ ಬಡಿಸುವಾಗ ಮೊದಲ ಮುದ್ದೆ ಯಾರ ತಟ್ಟೆಗೆ ಬೀಳುತ್ತದೆಂದು ನಲವತ್ತಾರು ವರ್ಷದ ಗಂಡಸು ಕಣ್ಣಂಚಿನಲ್ಲಿ ನೋಡುವುದು ನಾಚಿಕೆಗೇಡಿನ ವಿಷಯ. ಕೋನಪ್ಪ ನಿನ್ನೆಯೂ ನೋಡಿದ. ವೇಣುವಿನ ತಟ್ಟೆಗೇ ಬಿತ್ತು.

ವೇಣು ಹತ್ತು ವರ್ಷದವನಿದ್ದಾಗ ಅವನ ಕೈ ಹಿಡಿದು ತಿದ್ದಿದ್ದು ಈ ಕೈಯೇ. ಕಪ್ಪು ಕನ್ನಡಕ ಅವನ ಮುಖಕ್ಕೆ ದೊಡ್ಡದಾಗಿ ಮೂಗಿನ ಮೇಲೆ ಜಾರುತ್ತಿತ್ತು; ಹಿಂದೆ ದಾರ ಕಟ್ಟಿ, ಅವನ ಪುಟ್ಟ ಮುಷ್ಟಿಯ ಮೇಲೆ ತನ್ನ ಮುಷ್ಟಿಯಿಟ್ಟು, ಗ್ಯಾಸಿನ ನೀಲಿ ಉರಿಯನ್ನು ಕಬ್ಬಿಣದ ಮೇಲೆ ಹೇಗೆ ಸುತ್ತಿಸಬೇಕು, ಕರಗಿದ ಹನಿಯನ್ನು ಹೇಗೆ ಮುಂದೆ ಮುಂದೆ ನಡೆಸಿಕೊಂಡು ಹೋಗಬೇಕು ಎಂದು ತೋರಿಸಿದ್ದ. ಹನಿಯನ್ನು ನೋಡು, ಉರಿಯನ್ನು ನೋಡಬೇಡ ಎಂದಿದ್ದ. ಅಪ್ಪ ಸತ್ತ ವರ್ಷ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ತಾನು. ನೀನು ಓದು ಎಂದದ್ದೂ ತಾನೇ. ಓದಿದ. ಐಟಿಐ ಆಯಿತು, ಡಿಪ್ಲೊಮಾ ಆಯಿತು, ಮನೆಗೆ ಬುದ್ಧನ ಪಟ ಬಂತು, ಹುಟ್ಟಿದ ಮಗಳಿಗೆ ಸಂಘಮಿತ್ರ ಎಂಬ ಹೆಸರು ಬಂತು. ಹೆಸರು ಚೆನ್ನಾಗಿತ್ತು. ಕೋನಪ್ಪನಿಗೆ ಅದೂ ಚುಚ್ಚಿತು, ಅಂಥ ಹೆಸರು ತನಗೆ ಹೊಳೆಯುತ್ತಿರಲಿಲ್ಲವಲ್ಲ ಎಂದು. ಹೊಟ್ಟೆಕಿಚ್ಚಿಗೆ ಕಾರಣ ಬೇಕಿಲ್ಲ, ಮಲಗಿದ್ದರೂ ಎದ್ದಿದ್ದರೂ ಅದರ ಪಾಡಿಗೆ ಅದು ಉರಿಯುತ್ತಿರುತ್ತದೆ. ಮೋಹನ್‌ಬಾಬು ಮೈಮುರಿದು ಎದ್ದು, ಆಚೆಬದಿಯ ವರಲಕ್ಷ್ಮಮ್ಮನ ಹೋಟೆಲಿನಲ್ಲಿ ಟೀ ಕುಡಿದು ಬರುತ್ತೇನೆಂದು ಹೊರಟ. ಬರ್ತೀಯಾ ಎಂದೂ ಕರೆಯಲಿಲ್ಲ, ಬರ್ತೀರಾ ಎಂದೂ ಕರೆಯಲಿಲ್ಲ.

ನಿನ್ನೆ ಎಲ್ಲ ಸರಿಯಾಗಿಯೇ ಶುರುವಾಗಿತ್ತು. ಫ್ರೇಮಿಗೆ ಸರಪಳಿ ಬಿಗಿದು, ಜಾಕಿ ಕೊಟ್ಟು, ಅಣ್ಣ ತಮ್ಮ ಇಬ್ಬರೂ ಸೊಟ್ಟ ತೆಗೆದಿದ್ದರು. ಮೂಲೆಯಿಂದ ಮೂಲೆಗೆ ವೇಣು ದಾರ ಹಿಡಿದು ಅಳೆದ. ಎರಡು ದಾರವೂ ಸಮ ಬರುವವರೆಗೆ ಬಿಡಲಿಲ್ಲ. ಕೋನಪ್ಪನಾಗಿದ್ದರೆ ಕಣ್ಣಳತೆಯಲ್ಲೇ ಮುಗಿಸುತ್ತಿದ್ದ. ಸೀಳಿದ ಪೈಪಿನೊಳಗೆ ಸಣ್ಣ ಪೈಪಿನ ತುಂಡು ತೂರಿಸಿ, ಮೇಲೆ ಬೆಸೆದು, ಮೂಲೆಗೆ ಮುಕ್ಕೋನದ ಪಟ್ಟಿ ಕೂರಿಸಿ ಗಟ್ಟಿ ಮಾಡುವುದೆಂದಾಯಿತು. ಎಡಗಡೆಯದು ಕೋನಪ್ಪನಿಗೆ, ಬಲಗಡೆಯದು ವೇಣುವಿಗೆ. ಕೋನಪ್ಪ ದಪ್ಪ ಪಟ್ಟಿ ಕತ್ತರಿಸಿ ತಂದರೆ ವೇಣು ಅದನ್ನು ಕೈಯಲ್ಲಿ ತೂಗಿ ನೋಡಿ, ಇದು ಟ್ರೈಲರಲ್ಲ ಅಣ್ಣ, ಇದು ಸ್ವಲ್ಪ ಬಾಗಿ ಬಳುಕಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಒಡೆಯುತ್ತದೆ ಎಂದ. ಮೋಹನ್‌ಬಾಬು ಕೈಕಟ್ಟಿಕೊಂಡು ತಲೆದೂಗಿದ. ಕೋನಪ್ಪ ತೆಳು ಪಟ್ಟಿ ಕತ್ತರಿಸಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ಹೊರಡುವ ಮುಂಚೆ ವೇಣು ವರಲಕ್ಷ್ಮಮ್ಮನ ಒಲೆಯಿಂದ ಒಂದು ಬಾಂಡಲಿ ಬೂದಿ ತಂದಿಟ್ಟು, ಮೋಹನ್‌ಬಾಬುವಿನ ಎದುರಿಗೇ ಹೇಳಿದ: "ಬೆಸುಗೆ ಆದ ತಕ್ಷಣ ಬೂದಿ ಮುಚ್ಚಿಬಿಡಣ್ಣ. ನೀರು ಮಾತ್ರ ಹಾಕ್ಬೇಡ. ಇದು ನಮ್ ಮಾಮೂಲಿ ಕಬ್ಬಿಣ ಅಲ್ಲ, ನಿಧಾನಕ್ಕೆ ಆರ್ಬೇಕು, ಇಲ್ದಿದ್ರೆ ಬಿರುಕು ಬಿಡುತ್ತೆ."

ನಾಲ್ಕರ ಬಸ್ಸಿಗೆ ವೇಣು ಹೋದ, ಅವನ ಕಡೆಯ ಬೆಸುಗೆ ಬೂದಿಯೊಳಗೆ ಬೆಚ್ಚಗೆ ಮಲಗಿತ್ತು. ಮೋಹನ್‌ಬಾಬುವೂ ಹೋದ. ಕೋನಪ್ಪ ತನ್ನ ಕಡೆಯದನ್ನು ಬೆಸೆದು ಮುಗಿಸಿದಾಗ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಪೈಪು ಕೆಂಪಗಿತ್ತು. ಬಾಂಡಲಿಯಲ್ಲಿ ಬೂದಿ ಮಿಕ್ಕಿತ್ತು. ಪಕ್ಕದಲ್ಲೇ ನೀರಿನ ಬಕೆಟ್ಟಿನಲ್ಲಿ ಒದ್ದೆ ಗೋಣಿಚೀಲ ಇತ್ತು, ಇಪ್ಪತ್ತು ವರ್ಷದಿಂದ ಇದ್ದ ಹಾಗೆ. ಟ್ರೈಲರಿನ ಬೆಸುಗೆ ಮುಗಿದರೆ ಒದ್ದೆ ಗೋಣಿ ಹಾಕುವುದು, ಚುಂಯ್ ಎನಿಸುವುದು, ಮುಂದಿನ ಕೆಲಸಕ್ಕೆ ಕೈಹಾಕುವುದು. ಈ ಕೈ ಅದನ್ನೇ ಮಾಡಿಕೊಂಡು ಬಂದದ್ದು. ಅಭ್ಯಾಸಬಲದಿಂದ ಹಾಗೆ ಮಾಡಿದೆ ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಆದರೆ ಗೋಣಿಯನ್ನು ಎತ್ತುವಾಗ ಅವನು ರಸ್ತೆಯ ಕಡೆ ಒಮ್ಮೆ ತಿರುಗಿ ನೋಡಿದ್ದ. ಅಭ್ಯಾಸದಿಂದ ಮಾಡುವವನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುವುದಿಲ್ಲ. ಹಾಕಬೇಡ ಎಂದನಲ್ಲ, ಅದಕ್ಕೇ ಹಾಕಿದ. ಆವಿ ಮುಖಕ್ಕೆ ರಾಚಿದಾಗ ಬೆಳಗಿನಿಂದ ಬಿಗಿದಿದ್ದ ಎದೆ ಸಡಿಲವಾಯಿತು. ಆಮೇಲೆ ಅದರ ಮೇಲೂ ಬೂದಿ ಸುರಿದ, ಬೆಳಿಗ್ಗೆ ಎರಡೂ ಕಡೆ ಒಂದೇ ತರಹ ಕಾಣಲಿ ಎಂದು.

ಈಗ ಶೆಡ್ಡು ಖಾಲಿ. ಹಿಂದೂಪುರದ ಕಡೆಯ ರೈಲಿಗೆ ಗೇಟು ಹಾಕಿದ್ದರು. ರಸ್ತೆಯ ಮೇಲೆ ಲಾರಿಗಳು ಸಾಲುಗಟ್ಟಿ ನಿಂತು ಗುರುಗುಟ್ಟುತ್ತಿದ್ದವು. ಕೋನಪ್ಪ ಸೀಮೆಎಣ್ಣೆಯ ಡಬ್ಬ, ಬಟ್ಟೆ, ಪುಡಿ ಮಾಡಿದ ಸೀಮೆಸುಣ್ಣ ತೆಗೆದ. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯುವ ವಿದ್ಯೆ ಇದು. ಬೆಸುಗೆಯ ಮೇಲೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉಜ್ಜಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಅವನು ಮೊದಲು ಸವರಿದ್ದು ವೇಣುವಿನ ಕಡೆಗೆ. ಕಾಯುತ್ತ ಕುಕ್ಕರಗಾಲಿನಲ್ಲಿ ಕೂತ. ಒಂದು ಗೆರೆ, ಒಂದೇ ಒಂದು ಕೂದಲೆಳೆಯ ಗೆರೆ ಕಂಡರೆ ಸಾಕಿತ್ತು. ಬಯ್ಯುವುದೂ ಬೇಡ, ಆಡಿಕೊಳ್ಳುವುದೂ ಬೇಡ. ಮೋಹನ್‌ಬಾಬುವನ್ನು ಕರೆದು ಸುಮ್ಮನೆ ತೋರಿಸಿ, ಪರವಾಗಿಲ್ಲ ಬಿಡಿ, ನಾನು ಸರಿಮಾಡ್ತೀನಿ, ಎಂದುಬಿಡುವುದು. ಆ ಮಾತನ್ನು ಬಾಯೊಳಗೆ ಎರಡು ಸಲ ಆಡಿ ನೋಡಿದ, ಚೆನ್ನಾಗಿತ್ತು. ಪುಡಿ ಉಜ್ಜಿದ. ಬಿಳಿ ಬಿಳಿಯಾಗಿಯೇ ಉಳಿಯಿತು. ಒರೆಸಿ ಇನ್ನೊಮ್ಮೆ ಸವರಿ, ಈ ಸಲ ಹೆಚ್ಚು ಹೊತ್ತು ಕಾದ. ಏನೂ ಇಲ್ಲ. ಬೆಸುಗೆಯ ಮೇಲೆ ಎಳೆದು ಕೂರಿಸಿದ ಹಾಗೆ ಒಂದರ ಪಕ್ಕ ಒಂದು ಅಲೆ, ಶುರುವಿನಿಂದ ಕೊನೆಯವರೆಗೆ ಒಂದೇ ಅಗಲ. ಎಷ್ಟು ಚೆನ್ನಾಗಿ ಮಾಡಿದ್ದಾನೆ ಬೋಳಿಮಗ ಎಂದು ಬಾಯಿಗೆ ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು, ಸೀಮೆಎಣ್ಣೆಯ ಘಾಟಿಗೆ ಎಂದುಕೊಂಡ.

ತನ್ನ ಕಡೆಗೆ ಸವರಿದ್ದು ಬರೀ ಶಾಸ್ತ್ರಕ್ಕೆ. ಪುಡಿ ಉಜ್ಜಿ ಕೈ ಒರೆಸಿಕೊಳ್ಳುತ್ತಿದ್ದಾಗ ಅದು ಮೂಡತೊಡಗಿತು. ಮುಕ್ಕೋನದ ಪಟ್ಟಿಯ ಅಂಚಿನಲ್ಲಿ, ಬೆಸುಗೆ ಮುಗಿಯುವ ಕಡೆ, ಮೊದಲು ಒಂದು ಚುಕ್ಕೆ, ಆಮೇಲೆ ಇನ್ನೊಂದು, ಎರಡೂ ಕೂಡಿಕೊಂಡು ಬೆರಳಿನಷ್ಟು ಉದ್ದ. ಹೆಬ್ಬೆರಳಿನಲ್ಲಿ ಒರೆಸಿದ, ಮತ್ತೆ ಮೂಡಿತು. ಕಪ್ಪು ಪೇಂಟಿನ ಡಬ್ಬ ಗೋಡೆಯ ಗೂಡಿನಲ್ಲಿತ್ತು, ಒಂದು ಕೋಟು ಬಳಿದರೆ ಯಾರಿಗೂ ಕಾಣುವುದಿಲ್ಲ, ಭಾನುವಾರದವರೆಗೆ. ಭಾನುವಾರ ಏರಿಯ ಮೇಲಿಂದ ಹಾರಿದ ಗಾಡಿ ನೆಲ ಮುಟ್ಟಿದಾಗ ಎಡ ಮುಂಚಕ್ರ ಒಂದು ಕಡೆ, ಇವನ ಕತ್ತು ಒಂದು ಕಡೆ. ಅಷ್ಟು ಕೆಟ್ಟವನಲ್ಲ ತಾನು. ಅರೆದು ತೆಗೆದು ಹೊಸದಾಗಿ ಬೆಸೆಯೋಣವೆಂದರೆ ಹನ್ನೆರಡಾಗುತ್ತ ಬಂದಿತ್ತು. ಗ್ರೈಂಡರಿನ ಸದ್ದಿಗೆ ಮೋಹನ್‌ಬಾಬು ಬರುತ್ತಾನೆ, ಬೂದಿಯಲ್ಲಿ ಆರಲು ಸಂಜೆಯಾಗುತ್ತದೆ, ಅಷ್ಟರಲ್ಲಿ ವೇಣು ಬಂದು ಕೇಳುತ್ತಾನೆ, ಏನಾಯ್ತಣ್ಣ. ಆ ಏನಾಯ್ತಣ್ಣ ಎಂಬುದನ್ನು ನೆನೆಸಿಕೊಂಡೇ ಮೈ ಬೆವರಿತು. ಏನೂ ತೋಚದೆ ಫ್ರೇಮನ್ನು ಎತ್ತಿ ಹೊಟ್ಟೆ ಮೇಲಾಗಿ ಮಗುಚಿಹಾಕಿದ. ಗೆರೆ ಅಡಿಗೆ ಹೋಗುತ್ತದೆಂದುಕೊಂಡಿದ್ದ. ಅದು ಪೈಪಿನ ಪಕ್ಕದಲ್ಲಿದ್ದದ್ದರಿಂದ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು. ಎಡ ಬಲಕ್ಕೆ ಬಂದಿತ್ತು, ಬಲ ಎಡಕ್ಕೆ. ಗೇಟು ತೆಗೆದ ಗದ್ದಲದಲ್ಲಿ ಹಿಂದೆ ಚಪ್ಪಲಿಯ ಸದ್ದು ಅವನಿಗೆ ಕೇಳಿಸಲೇ ಇಲ್ಲ.

ಮೋಹನ್‌ಬಾಬು ಬಂದಿದ್ದ, ಜೊತೆಗೆ ಬಸ್ಸಿಳಿದ ವೇಣು, ಇಬ್ಬರೂ ಹೋಟೆಲಿನ ಹತ್ತಿರ ಸಿಕ್ಕಿರಬೇಕು. ಬಿಳಿಯ ಮೇಲಿನ ಕಪ್ಪನ್ನು ಮೊದಲು ನೋಡಿದ್ದು ಮೋಹನ್‌ಬಾಬು. ಅದೇನು ಎಂದು ಕೇಳಿದ. ಬಿರುಕು ಎಂದ ಕೋನಪ್ಪ. ಯಾರು ಮಾಡಿದ ಕಡೆ ಎಂದು ಮೋಹನ್‌ಬಾಬು ಕೇಳಿದ, ಮಗುಚಿಬಿದ್ದ ಫ್ರೇಮಿನ ಸುತ್ತ ಒಂದು ಸುತ್ತು ಬಂದು, ಯಾವುದು ಎಡ ಯಾವುದು ಬಲ ತಿಳಿಯದೆ. ಗೊತ್ತಿಲ್ಲ ಎನ್ನಬಹುದಿತ್ತು. ನೋಡೋಣ ಎನ್ನಬಹುದಿತ್ತು. ಬಾಯೊಳಗೆ ಸಿದ್ಧವಾಗಿ ಕೂತಿದ್ದ ಮಾತೇ ಹೊರಗೆ ಬಂತು.

"ವೇಣು ಮಾಡಿದ್ದು," ಎಂದ ಕೋನಪ್ಪ. "ಪರವಾಗಿಲ್ಲ ಬಿಡಿ, ನಾನು ಸರಿಮಾಡ್ತೀನಿ."

ವೇಣು ಬ್ಯಾಗು ಕೆಳಗಿಟ್ಟು ಮೊಣಕಾಲೂರಿದ. ಗೆರೆಯ ಮೇಲೆ ಹೆಬ್ಬೆರಳಿಟ್ಟು ಬೆಸುಗೆಯ ಉದ್ದಕ್ಕೂ ಸವರಿಕೊಂಡು ಹೋದ, ಕೊನೆಯವರೆಗೆ ಹೋಗಿ ಅಲ್ಲೇ ನಿಲ್ಲಿಸಿದ. ಫ್ರೇಮಿನ ಆಚೆ ಬದಿಯನ್ನೂ ಒಮ್ಮೆ ನೋಡಿದ. ಅಣ್ಣನ ಮುಖ ನೋಡಲಿಲ್ಲ. ಕೋನಪ್ಪ ಸುಣ್ಣದ ಕೈಯನ್ನು ಬಟ್ಟೆಗೆ ಒರೆಸುತ್ತ ಕಾದ. ಈಗ ಹೇಳುತ್ತಾನೆ, ಈಗ.

"ಹೌದು. ನಂದೇ," ಎಂದ ವೇಣು. "ಬಸ್ಸಿಗೆ ಅವಸರ ಮಾಡ್ಕೊಂಡೆ. ಬೂದಿ ಸರಿಯಾಗಿ ಮುಚ್ಚಿಲ್ಲ."

ಮೋಹನ್‌ಬಾಬುವಿನ ಕೈ ತಾನಾಗಿ ಕತ್ತಿನ ಪಕ್ಕದ ಮೂಳೆಗೆ ಹೋಯಿತು. ಆಮೇಲೆ ಕುರ್ಚಿಯನ್ನು ಎಳೆದು ತಂದು ಕೋನಪ್ಪನ ಹಿಂದೆ ಹಾಕಿ, ಕೂತ್ಕೊಳ್ಳಿ ಎಂದ, ನೀವು ನೋಡದೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದ. ಕೋನಪ್ಪ ಕೂತ. ಬೆನ್ನಿಗೆ ಆಸರೆ ಸಿಕ್ಕಿತು. ಇಷ್ಟಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ, ಸುಖವಾಗಿತ್ತು. ಸುಳ್ಳು ಹೇಳಬಾರದು, ಒಂದು ಗಳಿಗೆ ನಿಜವಾಗಿಯೂ ಸುಖವಾಗಿತ್ತು. ಅಷ್ಟರಲ್ಲಿ ಮೋಹನ್‌ಬಾಬು ವೇಣುವಿನ ಕಡೆ ತಿರುಗಿ, "ಏನ್ ವೇಣು, ಹುಡುಗ್ರಿಗೆ ಇದೇನಾ ಕಲ್ಸೋದು?" ಎಂದ. ಸರ್ ಇರಲಿಲ್ಲ. ದನಿ ಜೋರಾಗಿಯೂ ಇರಲಿಲ್ಲ, ತಾತನ ಮನೆಯಲ್ಲಿ ಹುಟ್ಟಿನಿಂದ ಕೇಳಿಸಿಕೊಂಡು ಬಂದ ದನಿ, ಬಾಯಿಗೆ ಸಲೀಸಾಗಿ ಬಂತು. ವೇಣು ಎದ್ದು ನಿಂತು ತಲೆ ಬಗ್ಗಿಸಿದ. ಅವನ ಹೆಗಲ ಮೇಲೆ ಟವೆಲ್ಲಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಇತ್ತು. ಆದರೂ ಕೋನಪ್ಪನಿಗೆ ಕಂಡದ್ದು ಅಪ್ಪ, ಆ ಅಂಗಳ, ಮುನಿವೆಂಕಟಪ್ಪ ಹಾಸುಗಲ್ಲಿನ ಮೇಲೆ ಕೂತು ಕಾಲಾಡಿಸುತ್ತಿದ್ದದ್ದು, ಎಂಟು ವರ್ಷದ ತಾನು ಅಪ್ಪನ ಬೆನ್ನ ಹಿಂದೆ ನಿಂತು, ಅಪ್ಪ ಯಾಕೆ ಏನೂ ಹೇಳುವುದಿಲ್ಲ ಎಂದುಕೊಂಡದ್ದು. ಶೆಡ್ಡಿನಲ್ಲಿ ಕುರ್ಚಿ ಒಂದೇ ಇತ್ತು. ಅದರಲ್ಲಿ ತಾನು ಕೂತಿದ್ದ.

ಯಾರಿಗೋ ಫೋನು ಮಾಡಬೇಕೆಂದು ಮೋಹನ್‌ಬಾಬು ರಸ್ತೆಯ ಕಡೆ ಹೋದ. ವೇಣು ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲೇ ಕೂತು, ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದ, ಬಿರುಕು ಮುಂದಕ್ಕೆ ಓಡದಿರಲಿ ಎಂದು. ಗ್ರೈಂಡರಿನಿಂದ ಹಳೆಯ ಬೆಸುಗೆಯನ್ನು ಅರೆದು ಹಾಕಿದ. ಕಿಡಿಗಳು ಅವನ ಬರಿಗೈ ಮೇಲೆ ಬೀಳುತ್ತಿದ್ದವು. ಗ್ರೈಂಡರು ನಿಂತಾಗ ಕೋನಪ್ಪ ಏನಾದರೂ ಹೇಳಬೇಕಿತ್ತು. ಹೇಳಿದ್ದು ವೇಣು, ಫ್ರೇಮನ್ನೇ ನೋಡುತ್ತ, ಮೆಲ್ಲಗೆ.

"ನಿನ್ ಬೆಸುಗೆ ಕೊನೇಲಿ ಎಡಕ್ಕೆ ತಿರುಗುತ್ತಣ್ಣ. ಕೈ ಎತ್ತೋವಾಗ. ಚಿಕ್ಕೋನಿದ್ದಾಗ ಅದನ್ನ ನೋಡ್ಕೊಂಡೇ ಕಲ್ತಿದ್ದು ನಾನು. ಐಟಿಐಗೆ ಹೋದ್ಮೇಲೆ ಅದನ್ನ ಬಿಡೋಕೆ ಎರಡು ವರ್ಷ ಆಯ್ತು." ಗ್ಯಾಸಿನ ಟಾರ್ಚನ್ನು ಅಣ್ಣನ ಕಡೆ ಚಾಚಿದ. "ನೀನೇ ಹಾಕು."

ಅಂದರೆ ವೇಣುವಿಗೆ ಗೊತ್ತಿತ್ತು. ಹೆಬ್ಬೆರಳು ಅಲ್ಲಿ ನಿಂತಾಗಲೇ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ತಲೆ ಬಗ್ಗಿಸಿ ನಿಂತ. ಇದರಲ್ಲೂ ಅವನೇ ಮೇಲಾದ. ಕೋನಪ್ಪ ಕನ್ನಡಕ ಹಾಕಿಕೊಂಡು ಟಾರ್ಚು ಹೊತ್ತಿಸಿದ. ಕಪ್ಪು ಗಾಜಿನೊಳಗೆ ಹನಿಯನ್ನು ಬಿಟ್ಟು ಬೇರೆ ಏನೂ ಕಾಣುವುದಿಲ್ಲವೆಂಬುದು ದೊಡ್ಡ ನೆಮ್ಮದಿ. ಹನಿಯನ್ನು ನಡೆಸಿಕೊಂಡು ಹೋದ, ಮೂವತ್ತು ವರ್ಷದಲ್ಲಿ ಯಾವತ್ತೂ ನಡೆಸದಷ್ಟು ಎಚ್ಚರದಿಂದ. ಕೊನೆ ಬಂತು. ಈ ಸಲ ನೇರ ಎತ್ತುತ್ತೇನೆ ಎಂದುಕೊಂಡು ಉಸಿರು ಹಿಡಿದು ಕೈಯೆತ್ತಿದ. ಕೊನೆಯ ಅಲೆ ಎಡಕ್ಕೆ ತಿರುಗಿ ನಿಂತಿತು. ಯಾವತ್ತೂ ಹಾಗೇ ತಿರುಗುತ್ತಿತ್ತು, ಅವನು ಮೊದಲ ಸಲ ನೋಡಿದ. ಕೆಂಪು ಇಳಿಯುವ ಮೊದಲೇ ಬಾಂಡಲಿ ಎಳೆದುಕೊಂಡು ಎರಡೂ ಕೈಯಲ್ಲಿ ಬೂದಿ ಸುರಿದ. ಎಷ್ಟು ಹೊತ್ತು ಬಿಡಬೇಕು ಎಂದು ತಮ್ಮನನ್ನು ಕೇಳಿದ, ಅವನು ಹುಟ್ಟಿದಾಗಿನಿಂದ ಅವನಲ್ಲಿ ಏನನ್ನೂ ಕೇಳದವನು. ಸಂಜೆವರೆಗೂ, ಎಂದ ವೇಣು.

ಮೋಹನ್‌ಬಾಬು ಫೋನು ಜೇಬಿಗಿಟ್ಟುಕೊಂಡು ಒಳಗೆ ಬಂದ. ಇನ್ನು ತಡ ಮಾಡಿದರೆ ಬಾಯಿಗೆ ಮಾತು ಬರುವುದಿಲ್ಲವೆಂದು ಕೋನಪ್ಪನಿಗೆ ಗೊತ್ತಿತ್ತು. ಎದ್ದು ನಿಂತ.

"ಒಡ್ದಿದ್ದು ನನ್ ಬೆಸುಗೆ," ಎಂದ. "ವೇಣುದಲ್ಲ. ನೀರು ಹಾಕ್ಬೇಡ ಅಂದಿದ್ದ, ನಾನು ಹಾಕ್ದೆ. ಆಮೇಲೆ ಅವನ್ ಮೇಲೆ ಹೇಳ್ದೆ."

ಮೋಹನ್‌ಬಾಬು ಅಣ್ಣನನ್ನು ನೋಡಿ, ಬನಿಯನ್ನಿನಲ್ಲಿ ಕೂತು ಬೂದಿ ಒತ್ತುತ್ತಿದ್ದ ತಮ್ಮನನ್ನು ನೋಡಿದ. ಅವನ ಮುಖದಲ್ಲಿ ನಗು ಹರಡಿತು, ಒಳ್ಳೆಯ ನಗು, ಕುಹಕವಿಲ್ಲದ್ದು.

"ಬಿಡಿ ಕೋನಪ್ಪನವ್ರೇ. ತಮ್ಮನ್ನ ಬಿಟ್ಕೊಡಬಾರ್ದು ಅಂತ ಹೇಳ್ತಿದೀರ, ನಂಗೆ ಗೊತ್ತಾಗಲ್ವಾ. ದೊಡ್ಡ ಮನಸ್ಸು ನಿಮ್ದು."

ಕೋನಪ್ಪ ವೇಣುವಿನ ಕಡೆ ನೋಡಿದ. ನಿಜ, ಅಣ್ಣ ಹೇಳುವುದು ನಿಜ ಎಂದು ಅವನು ಒಂದು ಮಾತು ಹೇಳಲಿ ಎಂದು ನೋಡಿದ. ಜನ್ಮದಲ್ಲಿ ತಮ್ಮನಿಂದ ಏನಾದರೂ ಬೇಕೆನಿಸಿದ್ದರೆ ಅದೊಂದೇ. ವೇಣು ತಲೆಯೆತ್ತಲಿಲ್ಲ. ಕರುಣೆಯಿಂದಲೋ ಸೇಡಿನಿಂದಲೋ ತಿಳಿಯುವಂತಿರಲಿಲ್ಲ. ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಮೋಹನ್‌ಬಾಬು ಅವನ ಹೆಗಲು ಮುಟ್ಟಿ ಕುರ್ಚಿಯ ಕಡೆ ಒತ್ತಿದ. ಮುನಿವೆಂಕಟಪ್ಪನ ಮನೆಯವರು ತನ್ನನ್ನು ಮುಟ್ಟಿದ್ದು ಅದೇ ಮೊದಲು. ಬೂದಿ ಇನ್ನೂ ಸುಡುತ್ತಿತ್ತು, ಸಂಜೆಯವರೆಗೆ ಕಾಯಬೇಕಿತ್ತು. ಕೋನಪ್ಪ ಕುರ್ಚಿಯಲ್ಲಿ ಕೂತು ಕಾದ.